ಬಾನೆಟ್ಟಿನೊಳಗಿನ ನಿಂಬೆಹಣ್ಣು

ನಿಂಬೆಹಣ್ಣು ಕಂಡರೆ ನನಗೆ ಸಿಟ್ಟು ಬರುತ್ತದೆ. ಶರಬತ್ತಿನ ನಿಂಬೆಹಣ್ಣಿನ ಮೇಲಲ್ಲ, ಉಪ್ಪಿನಕಾಯಿಯ ಮೇಲಂತೂ ಅಲ್ಲವೇ ಅಲ್ಲ. ಗಾಡಿಗೆ ಕಟ್ಟುತ್ತಾರಲ್ಲ, ಆ ನಿಂಬೆಹಣ್ಣಿನ ಮೇಲೆ. ಮೊನ್ನೆ ನನ್ನ ಅಳಿಯ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಮುಂದುಗಡೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಒಂದು ಚೂರು ಇದ್ದಿಲು ಪೋಣಿಸಿ ತಂತಿಯಲ್ಲಿ ಬಿಗಿದಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದೆ, ಬಗ್ಗಿದೆ, ತಂತಿಯ ಸುತ್ತು ಬಿಚ್ಚಿ ಇಡೀ ಸರವನ್ನು ಚರಂಡಿಗೆ ಎಸೆದೆ. ಮಗಳು ಮೂರು ದಿನ ಮಾತು ಬಿಟ್ಟಳು. ಅಳಿಯ ಸಂಭಾವಿತ, "ಮಾವನವರಿಗೆ ಮೂಢನಂಬಿಕೆ ಆಗೋದಿಲ್ಲ, ಅವರ ಕಾಲದಲ್ಲೇ ಅಷ್ಟು ವಿಚಾರವಂತರು" ಎಂದನಂತೆ. ಅದನ್ನು ಕೇಳಿ ಪಿತ್ತ ಇನ್ನೂ ನೆತ್ತಿಗೇರಿತು. ನನ್ನದು ವಿಚಾರವೂ ಅಲ್ಲ, ಮಣ್ಣೂ ಅಲ್ಲ. ಬರೀ ಕೋಪ. ನಲವತ್ತು ವರ್ಷ ದಾಟಿದ ಕೋಪ.

ವಿಚಾರವಂತರು ಬೇಕಿದ್ದರೆ ನಮ್ಮಪ್ಪನನ್ನು ನೋಡಬೇಕಿತ್ತು. ಗುಂಡ್ಲುಪೇಟೆಯಲ್ಲಿ ಬೆಲ್ಲದ ಮಂಡಿ, ಊರಾಚೆ ಹೊಲ ತೋಟ, ಪುರಸಭೆಯಲ್ಲಿ ಒಂದು ಕುರ್ಚಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿದ್ದ ಕಾಲ. ಭಾಷಣ ಮಾಡಲು ಬರುವವರಿಗೆಲ್ಲ ಒಳ್ಳೆಯ ಬೆಲೆ ಇತ್ತು. ಅಪ್ಪ ಖಾದಿ ಜುಬ್ಬ ಹಾಕಿಕೊಂಡು ಶಾಲೆಗಳ ಸಭೆಯಲ್ಲಿ ನಿಂತರೆ, "ಬೆಕ್ಕು ಅಡ್ಡ ಬಂತು ಅಂತ ಹಿಂದಕ್ಕೆ ಹೋಗುವವರು ದೇಶವನ್ನು ಮುಂದಕ್ಕೆ ತರುವುದುಂಟೆ" ಎಂದು ಒಮ್ಮೆಯಾದರೂ ಹೇಳದೆ ಕೂರುತ್ತಿರಲಿಲ್ಲ. ನಾನು ಅದೇ ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಇಪ್ಪತ್ತಮೂರು ವಯಸ್ಸು. ಆ ಮಾತಿಗೆ ಮೊದಲು ಚಪ್ಪಾಳೆ ತಟ್ಟುತ್ತಿದ್ದವನು ನಾನೇ.

ಅಪ್ಪ ಕಾರು ತಂದದ್ದು ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ. ನೀಲಗಿರಿಯ ಟೀ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಕಪ್ಪು ಕಾರು ಬಂಡೀಪುರದ ಕಾಡು ಇಳಿದು ನಮ್ಮ ಬೀದಿಗೆ ಬಂತು. ಅಷ್ಟು ದೂರವೂ ಒಂದು ಕಡೆ ಕೆಮ್ಮದೆ ಬಂದಿತ್ತು, ಇದನ್ನು ನೆನಪಿಟ್ಟುಕೊಳ್ಳಿ. ಬೀದಿಗೆ ಬೀದಿಯೇ ನೋಡಲು ನಿಂತಿತು. ಆರತಿ ಆಯಿತು, ತೆಂಗಿನಕಾಯಿ ಒಡೆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಆಮೇಲೆ ದೃಷ್ಟಿಗೆ ಇನ್ನೊಂದು ನಿಂಬೆಹಣ್ಣು ಕಟ್ಟಬೇಕಲ್ಲ. ಅಲ್ಲಿ ಅಪ್ಪನಿಗೆ ಧರ್ಮಸಂಕಟ. ಎದುರಿಗೆ ಕಟ್ಟಿದರೆ ಅಮಲ್ದಾರರು ನೋಡುತ್ತಾರೆ, ಹೆಡ್‌ಮಾಸ್ಟರು ನೋಡುತ್ತಾರೆ, ಬೆಕ್ಕಿನ ಭಾಷಣ ಕೇಳಿದವರೆಲ್ಲ ನೋಡುತ್ತಾರೆ. ಕಟ್ಟದೆ ಬಿಡಲು ಧೈರ್ಯವಿಲ್ಲ. ಅಪ್ಪ ಜನ ಚದುರುವವರೆಗೆ ಕಾದು ಬಾನೆಟ್ಟು ಎತ್ತಿ, ಒಳಗೆ ಕಣ್ಣಿಗೆ ಬಿದ್ದ ಒಂದು ಕರಿ ರಬ್ಬರ್ ಕೊಳವೆಗೆ ಸಣ್ಣ ತಂತಿ ಸುತ್ತಿ ನಿಂಬೆಹಣ್ಣು ತೂಗುಹಾಕಿ ಬಾನೆಟ್ಟು ಮುಚ್ಚಿದರು. ದೃಷ್ಟಿಯ ಬಾಬತ್ತೂ ಮುಗಿಯಿತು, ಭಾಷಣದ ಮಾನವೂ ಉಳಿಯಿತು.

ಆ ದಿನ ಅಂಗಳದಲ್ಲಿ ಇನ್ನೊಬ್ಬರಿದ್ದರು. ಅಪ್ಪನ ತಂಗಿ, ನಮ್ಮ ದೇವೀರತ್ತೆ. ಚಂದಕವಾಡಿಗೆ ಕೊಟ್ಟಿದ್ದ ಹೆಣ್ಣು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದುಕೊಂಡ. ಅತ್ತೆ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ಆಗ ನನಗೆ ನಾಲ್ಕು ವರ್ಷವಂತೆ. ನನಗೆ ನೆನಪಿರುವ ಮಟ್ಟಿಗೆ ಅವಳು ಮೊದಲಿಂದಲೂ ನಮ್ಮ ಮನೆಯಲ್ಲೇ ಇದ್ದಳು, ಒಲೆಯ ಮುಂದೆ ಇದ್ದಳು, ನನ್ನ ಪಕ್ಕದಲ್ಲಿ ಇದ್ದಳು.

ದೇವೀರತ್ತೆಗೆ ಒಂದು ಚಾಳಿ. ಚೆನ್ನಾಗಿದ್ದದ್ದನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದು. ನಮ್ಮ ಕಡೆ ಇದು ಸಣ್ಣ ತಪ್ಪಲ್ಲ. ಕೂಸು ದುಂಡಗಿದ್ದರೆ "ಏನ್ ಸೊರಗೋಗದ" ಎನ್ನಬೇಕು. ಹಸು ಎರಡು ಸೇರು ಕರೆದರೆ "ಏನೋ ಒಸಿ ಕೊಡ್ತದ" ಎನ್ನಬೇಕು. ಅಪ್ಪಿತಪ್ಪಿ ಹೊಗಳಿದರೆ ಥೂ ಥೂ ಎಂದು ಉಗುಳಿ ಮುಗಿಸಬೇಕು. ಅತ್ತೆ ಹೊಗಳುತ್ತಿದ್ದಳು, ಉಗುಳುವುದು ಮರೆಯುತ್ತಿದ್ದಳು. ಅವಳು ಬೀದಿಯಲ್ಲಿ ಬರುತ್ತಿದ್ದರೆ ಕೆಲವರು ಕೂಸುಗಳನ್ನು ಒಳಗೆ ಎತ್ತಿಕೊಳ್ಳುತ್ತಿದ್ದರು. ಎದುರುಮನೆಯವರು ಹಿತ್ತಲ ಕುಂಬಳಕಾಯಿಗೆ ಗೋಣಿತಾಟು ಹೊದಿಸಿದ್ದನ್ನು ನಾನೇ ಕಂಡಿದ್ದೇನೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ. "ಪಾಪ, ಬಿಸ್ಲು ತಾಕದೆ ಇರ್ಲಿ ಅಂತ ಎಷ್ಟು ಚೆಂದಾಗಿ ಒದ್ಸವ್ರ" ಎಂದು ಅದನ್ನೂ ಹೊಗಳಿದಳು.

ಅವಳ ದೃಷ್ಟಿ ಕೆಟ್ಟದ್ದಾಗಿದ್ದರೆ ಮೊದಲು ಸಾಯಬೇಕಾಗಿದ್ದವನು ನಾನು. ನನ್ನ ಕೈಬರಹ ಚೆಂದ, ನನ್ನ ಹುಬ್ಬು ಚೆಂದ, ನಾನು ಮುದ್ದೆ ಮುರಿಯುವ ರೀತಿ ಚೆಂದ. ಆ ಒಂದು ಹೊಗಳಿಕೆಗಾಗಿ ಹೊಟ್ಟೆ ತುಂಬಿದ ಮೇಲೂ ಇನ್ನರ್ಧ ಮುದ್ದೆ ನುಂಗುತ್ತಿದ್ದೆ. ಇಂಗ್ಲಿಷಿನಲ್ಲಿ ಮೂವತ್ತೆಂಟು ಬಂದಾಗ ಅಪ್ಪ ಬೆತ್ತ ಹುಡುಕುತ್ತಿದ್ದರೆ ಅತ್ತೆ ಆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, "ಎಂಟು ಎಷ್ಟು ದುಂಡುಗದ" ಎಂದಿದ್ದಳು. ಹಾಗೆ ಹೊಗಳಿಸಿಕೊಂಡು ಬೆಳೆದವನು ಒಂದು ಸಲವಾದರೂ ಗಂಡಸಾಗಿ ಬಾಯಿ ತೆರೆಯಬೇಕಿತ್ತು. ಇರಲಿ, ಅಲ್ಲಿಗೇ ಬರುತ್ತಿದ್ದೇನೆ.

ಕಾರು ಬಂದ ದಿನ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಅದರ ಬೆನ್ನು ಮುಟ್ಟಿ, ಬೀದಿಯವರೆಲ್ಲ ಕೇಳುವಂತೆ ಹೇಳಿದಳು: "ಅಣ್ಣಾ, ಆನೆಮರಿ ಇದ್ದಂಗದ ಕಣಣ್ಣ. ಏನ್ ಮೈ, ಏನ್ ಹೊಳಪು. ಇಂತಾದ್ದು ಈ ತಾಲ್ಲೂಕ್ನಲ್ಲೇ ಇಲ್ಲ." ಉಗುಳಲಿಲ್ಲ. ಅವ್ವ ಪಕ್ಕದಿಂದ ತಿವಿದರೂ ಉಗುಳಲಿಲ್ಲ.

ಹತ್ತು ದಿನ ಕಾರು ಬಂಗಾರದಂತೆ ಓಡಿತು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಸಂತೆಬೀದಿಯಲ್ಲಿ, ಎದುರಿಗೆ ಒಂದು ಎತ್ತಿನಗಾಡಿ ಬಂದದ್ದರಿಂದ ಅಪ್ಪ ವೇಗ ತಗ್ಗಿಸಿದರು. ಇಂಜಿನ್ನು ಎರಡು ಸಲ ನಡುಗಿ ನಿಂತುಹೋಯಿತು. ಅಂದಿನಿಂದ ಅದೇ ರೋಗ. ರಸ್ತೆಯಲ್ಲಿ ಜೋರಾಗಿ ಹೋಗುವಾಗ ಏನೂ ಇಲ್ಲ. ನಿಧಾನ ಮಾಡಿ ಕಾಲು ಎತ್ತಿದಿರೋ, ಉಬ್ಬಸದವರ ಹಾಗೆ ಎಳೆದು ಎಳೆದು ಪ್ರಾಣ ಬಿಡುತ್ತಿತ್ತು. ನಿಧಾನ ಮಾಡುವುದಾದರೂ ಎಲ್ಲಿ? ಜನ ಇರುವ ಕಡೆ. ಆದ್ದರಿಂದ ಅದು ಯಾವಾಗಲೂ ಜನರ ಮುಂದೆಯೇ ನಿಲ್ಲುತ್ತಿತ್ತು. "ಯಜಮಾನ್ರೇ, ಬುಡಿ, ನಾವು ತಳ್ತೀವಿ" ಎಂದು ಬರುತ್ತಿದ್ದವರ ಮುಖದ ನಗು ಅಪ್ಪನ ಎದೆಗೆ ನಾಟುತ್ತಿತ್ತು.

ಅಪ್ಪ ಮನೆಗೆ ಬಂದು ಜಗುಲಿಯ ಮೇಲೆ ಕೂತು ಅವ್ವನಿಗೆ ಹೇಳಿದರು: "ನಾನೇನ್ ಇಂತಾದ್ದು ನಂಬೋನಲ್ಲ. ಆದ್ರೂ ದೇವೀರಿ ಅವತ್ತು ಅಂಗಂದ್ಬುಟ್ಲು."

"ನಾನೇನ್ ನಂಬೋನಲ್ಲ, ಆದ್ರೂ." ನಮ್ಮ ದೇಶದ ಅರ್ಧ ಅನ್ಯಾಯ ಈ ಮೂರು ಮಾತಿನ ಹಿಂದೆ ಅಡಗಿ ಕೂತಿದೆ. ನಂಬುವವನಾದರೂ ಮೇಲು, ಅವನ ಜೊತೆ ಜಗಳ ಆಡಬಹುದು. ನಂಬದೆ ಕಟ್ಟುವವನನ್ನು ಹಿಡಿಯುವುದು ಎಲ್ಲಿಂದ? ಅಪ್ಪ ಹೊಸ ನಿಂಬೆಹಣ್ಣು ತಂದರು. ಹಳೆಯ ತಂತಿಯ ಮೇಲೇ ಹೊಸ ತಂತಿ ಸುತ್ತಿ, ಈ ಸಲ ಇಕ್ಕಳದಲ್ಲಿ ಹಿಡಿದು ತಿರುಚಿದರು. ಕಾರು ಮತ್ತೆ ನಿಂತಿತು. ಮತ್ತೆ ಹೊಸ ನಿಂಬೆಹಣ್ಣು, ಮತ್ತೊಂದು ಸುತ್ತು, ಇನ್ನಷ್ಟು ಬಿಗಿ. ಮಂಗಳವಾರಕ್ಕೊಂದು, ಅಮಾವಾಸ್ಯೆಗೊಂದು. ಅತ್ತೆಗೂ ಒಂದು ಕಟ್ಟಳೆ ಬಂತು. ಬೆಳಿಗ್ಗೆ ಕಾರು ಹೊರಡುವ ಹೊತ್ತಿಗೆ ಅವಳು ಹಿತ್ತಲಲ್ಲಿ ಇರಬೇಕು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಅಪ್ಪ ಕಾರಿನ ಕೀಲಿ ಕೈಗೆ ತೆಗೆದುಕೊಂಡ ಕೂಡಲೇ ಅವ್ವ, "ದೇವೀರಿ, ಹಿತ್ಲಲ್ಲಿ ಸೌದೆ ನೋಡಮ್ಮಿ" ಎನ್ನುತ್ತಿದ್ದಳು. ಒಂದು ವಾರದಲ್ಲಿ ಅತ್ತೆಗೆ ಅರ್ಥವಾಯಿತು. ಆಮೇಲೆ ಹೇಳಿಸಿಕೊಳ್ಳದೆ ತಾನೇ ಎದ್ದು ಹೋಗುತ್ತಿದ್ದಳು.

ಇನ್ನು ನನ್ನ ಪ್ರತಾಪ. ಮೈಸೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಮೋಟಾರು ರಿಪೇರಿಯ ಇಂಗ್ಲಿಷ್ ಪುಸ್ತಕ ಒಂದಿತ್ತು ನನ್ನ ಹತ್ತಿರ. ರಟ್ಟು ಹೋಗಿತ್ತು, ಒಳಗೆ ಚಿತ್ರಗಳಿದ್ದವು. ಪ್ರತಿ ಭಾನುವಾರ ಅಂಗಳದಲ್ಲಿ ಗೋಣಿತಾಟು ಹಾಸಿ, ಪುಸ್ತಕವನ್ನು ಒರಳುಕಲ್ಲಿಗೆ ಒರಗಿಸಿ ರಿಪೇರಿಗೆ ಕೂರುತ್ತಿದ್ದೆ. ಮೊದಲ ಭಾನುವಾರ ಪೆಟ್ರೋಲಿನಲ್ಲಿ ಕಸ ಇದೆ ಎಂದು ತೀರ್ಮಾನಿಸಿ, ಅದನ್ನು ಅವ್ವನ ಹಳೇ ಸೀರೆಯಲ್ಲಿ ಸೋಸಿದೆ. ಎರಡನೆಯ ಭಾನುವಾರ ಪ್ಲಗ್ಗುಗಳನ್ನು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿದೆ. ಮೂರನೆಯ ಭಾನುವಾರ ಪೆಟ್ರೋಲು ಗಾಳಿ ಬೆರೆಸುವ ಕಾರ್ಬೊರೇಟರನ್ನೇ ಬಿಚ್ಚಿ ಅದರ ತುಣುಕುಗಳನ್ನು ಮೊರದಲ್ಲಿ ಹರಡಿದೆ. ಅದರಲ್ಲಿ ಒಂದು ಹಿತ್ತಾಳೆ ತುಣುಕು ಪಕ್ಕದ ಮೊರದ ಅವರೆಕಾಳಿಗೆ ಸೇರಿ, ಇಡೀ ಮನೆಯೇ ಕೂತು ಕಾಳು ಆರಿಸಬೇಕಾಯಿತು. ಅತ್ತೆಗೇ ಸಿಕ್ಕಿತು. "ಏನ್ ಚೆಂದಾಗದ, ಮೂಗುತಿ ಇದ್ದಂಗ" ಎಂದು ನನ್ನ ಕೈಗೆ ಇಟ್ಟಳು.

ಇಷ್ಟೆಲ್ಲ ಮಾಡುವಾಗ ಆ ನಿಂಬೆಹಣ್ಣು ನನ್ನ ಕಣ್ಣೆದುರೇ ತೂಗುತ್ತಿತ್ತು. ಮೊಣಕೈಗೆ ಅಡ್ಡ ಬಂದರೆ ಮರ್ಯಾದೆಯಿಂದ ಪಕ್ಕಕ್ಕೆ ಸರಿಸುತ್ತಿದ್ದೆ. ಪುಸ್ತಕದ ಯಾವ ಚಿತ್ರದಲ್ಲೂ ನಿಂಬೆಹಣ್ಣು ಇರಲಿಲ್ಲ. ಹಾಗಾಗಿ ಅದು ಇಂಜಿನ್ನಿಗೆ ಸೇರಿದ್ದಲ್ಲ, ದೇವರಿಗೆ ಸೇರಿದ್ದು. ಇಂಜಿನ್ನಿನ ಕಾವಿಗೆ ಅದು ಬೇಯುತ್ತಿತ್ತು ಬೇರೆ. ಕಾರಿನಲ್ಲಿ ಕೂತವರಿಗೆಲ್ಲ ಚಿತ್ರಾನ್ನದ ವಾಸನೆ. ಅಮಲ್ದಾರರು ಒಂದು ಸಲ, "ಊಟ ಕಟ್ಟಿಸಿಕೊಂಡು ಬಂದಿದ್ದೀರೇನು" ಎಂದು ಕೇಳಿದರಂತೆ.

ಒಂದು ಭಾನುವಾರ ಅಪ್ಪ ಮಂಡಿಗೆ ಹೋಗಿದ್ದಾಗ ಅತ್ತೆ ಹಿತ್ತಲಿಂದ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಇಂಜಿನ್ನು ಏದುಸಿರು ಬಿಡುತ್ತಿತ್ತು. ಅವಳು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಮಾದೇವು, ಎಲ್ಲೋ ಉಸ್ರು ಓಯ್ತಾ ಅದ ಕಣ್ಲಾ."

"ಯಾವ ಉಸಿರತ್ತೆ?"

"ಊದ್ಗೊಳವೆ ಸೀಳೋದ್ರ ಬತ್ತದಲ್ಲ, ಸುಯ್ಯ್ ಅಂತ. ಅಂತಾ ಸದ್ದು. ಊದಿದ್ ಗಾಳಿ ಒಲೆಗ ಓಗದೆ ನಡುವ್ನಲ್ಲೇ ಓದಂಗ."

ನಾನು ಪುಸ್ತಕದಿಂದ ತಲೆ ಎತ್ತದೆ ಹೇಳಿದೆ: "ಅತ್ತೆ, ಇದು ಒಲೆ ಅಲ್ಲ. ಇಂಜಿನ್ನು." ಅವಳು, "ಅದೂ ಸರಿನೇ ಬುಡು, ನೀನು ಓದ್ದೋನು" ಎಂದು ಎದ್ದು ಹೋದಳು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ. ಮೂವತ್ತು ವರ್ಷ ಊದುಗೊಳವೆ ಹಿಡಿದವಳು ಕಿವಿಯಲ್ಲೇ ರೋಗ ಹಿಡಿದಿದ್ದಳು. ಓದಿದವನು ಪುಟ ತಿರುಗಿಸುತ್ತಿದ್ದ.

ಬೇಸಿಗೆ ಏರಿತು. ಒಂದು ಬೆಳಿಗ್ಗೆ ಅಮಲ್ದಾರರನ್ನು ಒಂದು ಶಾಲೆಯ ಸಮಾರಂಭಕ್ಕೆ ಕರೆದೊಯ್ಯಲು ಅಪ್ಪ ಹೊರಟರು. ಕನ್ನಡಕ ಮರೆತರು. ಅದಿಲ್ಲದೆ ಭಾಷಣ ಓದುವುದು ಹೇಗೆ? ಅತ್ತೆ ಅದನ್ನು ಗೂಡಿನಲ್ಲಿ ಕಂಡವಳೇ, ಕಟ್ಟಳೆಯನ್ನೂ ಮರೆತು ಬೀದಿಗೆ ಓಡಿಬಂದು ಕಾರಿನ ಕಿಟಕಿಯಲ್ಲಿ ಕೊಟ್ಟಳು. "ಒಸಾ ಜುಬ್ಬ ಎಷ್ಟು ಒಪ್ತದಣ್ಣ ನಿಂಗ" ಎಂದೂ ಸೇರಿಸಿದಳು. ಆ ದಿನ ಕಾರು ತಾಲ್ಲೂಕು ಕಚೇರಿಯ ಮುಂದೆ ಅಮಲ್ದಾರರನ್ನು ಹತ್ತಿಸಿಕೊಂಡು ನಾಲ್ಕು ಮಾರು ಹೋಗಿ ನಿಂತಿತು. ಏನು ಮಾಡಿದರೂ ಹೊರಡಲಿಲ್ಲ. ಅಮಲ್ದಾರರು ಇಳಿದು ಕುದುರೆಗಾಡಿ ಹಿಡಿದರು.

ಎಂಟು ದಿನ ಕಳೆದು ಒಂದು ಸಂಜೆ ಅಪ್ಪ ಊಟಕ್ಕೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು: "ದೇವೀರಿ, ಎಷ್ಟು ವರ್ಸ ಅಂತ ಇಲ್ಲೇ ಇದ್ದೀಯೆ? ಎಂಗಿದ್ರೂ ಅದು ಗಂಡನ್ ಮನೆ. ನಾನು ಅವ್ನಿಗ ಕಾಗದ ಬರ್ದು ಒಪ್ಸಿವ್ನಿ. ಬರೋ ಸೋಮಾರ ಓಗು. ಮಾದೇವ ಬುಟ್ಟು ಬತ್ತಾನ."

ಕಾರಿನ ಸುದ್ದಿ ಇಲ್ಲ, ದೃಷ್ಟಿಯ ಸುದ್ದಿ ಇಲ್ಲ. ವಿಚಾರವಂತರಲ್ಲವೆ. ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗಿಟ್ಟಳು. ಆಮೇಲೆ, "ಅಲ್ಲಿ ನಂಗ ಯಾವ್ ಜಾಗ ಅದಣ್ಣ?" ಎಂದು ಕೇಳಿದಳು. ಅಪ್ಪ ಮುದ್ದೆ ಮುರಿದರು. ನಾನು ಮಜ್ಜಿಗೆ ಕುಡಿಯುತ್ತಿದ್ದೆ.

ಸೋಮವಾರಕ್ಕೆ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಭರಣಿ ಮಳೆಯ ನಾಲ್ಕು ಹನಿ ಬಿತ್ತು. ಆ ವರ್ಷದ ಮೊದಲ ಮಳೆ. ನಾನು ಕಾರಿನೊಳಗೆ ಕೂತು ಇಂಜಿನ್ನು ಚಾಲು ಮಾಡಿ, ಗಾಜು ಒರೆಸುವ ವೈಪರಿನ ಗುಂಡಿ ತಿರುಗಿಸಿದೆ. ಕಾರು ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಮಳೆಯೇ ಇರಲಿಲ್ಲವಲ್ಲ. ವೈಪರು ಒಂದು ಗೇಣು ಎದ್ದು ಹಾಗೇ ಮಲಗಿತು.

ಈಗಿನವರಿಗೆ ಹೇಳಬೇಕು. ಆ ಕಾಲದ ಕೆಲವು ಕಾರುಗಳಲ್ಲಿ ವೈಪರು ಓಡುತ್ತಿದ್ದದ್ದು ಕರೆಂಟಿನಿಂದಲ್ಲ, ಇಂಜಿನ್ನಿನ ಉಸಿರಿನಿಂದ. ಇಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಎಳೆತವನ್ನೇ ಒಂದು ರಬ್ಬರ್ ಕೊಳವೆಯಲ್ಲಿ ಗಾಜಿನ ತನಕ ಒಯ್ದಿರುತ್ತಾರೆ. ಕೊಳವೆಯಲ್ಲಿ ಎಲ್ಲಾದರೂ ತೂತು ಬಿದ್ದರೆ ವೈಪರೂ ಸಾಯುತ್ತದೆ, ಬೇಡದ ಗಾಳಿ ಇಂಜಿನ್ನಿನ ಹೊಟ್ಟೆಗೆ ಹೋಗಿ ಪೆಟ್ರೋಲೂ ತೆಳ್ಳಗಾಗುತ್ತದೆ. ಜೋರಾಗಿ ಓಡುವಾಗ ಅದು ಲೆಕ್ಕಕ್ಕಿಲ್ಲ. ನಿಧಾನಕ್ಕೆ ಬಂದಾಗ ಉಸಿರು ಕಟ್ಟುತ್ತದೆ. ಪುಸ್ತಕದಲ್ಲಿ ಇದೆಲ್ಲ ಇತ್ತು. ನಾನು ಆ ಪುಟದ ತನಕ ಹೋಗಿರಲಿಲ್ಲ.

ಬಾನೆಟ್ಟು ಎತ್ತಿ ಕೊಳವೆಯ ಮೇಲೆ ಬೆರಳಾಡಿಸುತ್ತ ಹೋದೆ. ಬೆರಳು ನಿಂಬೆಹಣ್ಣಿಗೆ ಬಂದು ನಿಂತಿತು. ತಂತಿಯ ಸುತ್ತುಗಳ ಕೆಳಗಿನಿಂದ ಸುಯ್ಯ್ ಎಂಬ ಸದ್ದು. ಊದುಗೊಳವೆ ಸೀಳಿದ ಸದ್ದು. ತಂತಿಯ ಈಚೆ, ಇಂಜಿನ್ನಿನ ಕಡೆಗೆ, ಕೊಳವೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಇಂಜಿನ್ನು ಅಲುಗಾಟ ಬಿಟ್ಟು ಹಸುಗೂಸಿನ ಹಾಗೆ ಸಮನಾಗಿ ಉಸಿರಾಡತೊಡಗಿತು. ಬೆರಳು ತೆಗೆದೆ, ಸತ್ತಿತು.

ತಂತಿ ಬಿಚ್ಚಿದೆ. ಒಂದರ ಮೇಲೊಂದು ಎಷ್ಟು ಸುತ್ತು. ಅಪ್ಪ ಇಕ್ಕಳದಲ್ಲಿ ತಿರುಚಿದ ಜಾಗದಲ್ಲಿ ರಬ್ಬರು ಬ್ಲೇಡಿನಲ್ಲಿ ಕೊಯ್ದಂತೆ ಸೀಳಿತ್ತು. ಮೊದಲ ನಿಂಬೆಹಣ್ಣಿನ ತಂತಿಯೇ ಹತ್ತು ದಿನ ಅಲುಗಾಡಿ ಕೊಯ್ದಿತ್ತು. ಆಮೇಲಿನ ಒಂದೊಂದು ನಿಂಬೆಹಣ್ಣೂ ಆ ಗಾಯವನ್ನು ಇನ್ನಷ್ಟು ಅಗಲ ಮಾಡಿತ್ತು. ಕಾರು ನಿಂತದ್ದಕ್ಕೆ ನಿಂಬೆಹಣ್ಣು, ನಿಂಬೆಹಣ್ಣು ಕಟ್ಟಿದ್ದಕ್ಕೆ ಕಾರು ನಿಲ್ಲುವುದು. ನಡುವೆ ಸಿಕ್ಕಿದವಳು ದೇವೀರತ್ತೆ.

ಆ ಗಳಿಗೆಯಲ್ಲಿ ನನ್ನ ಮೈಯೆಲ್ಲ ಉರಿಯಿತು. ಆ ಬೆಂದ ನಿಂಬೆಹಣ್ಣನ್ನು ಅಪ್ಪನ ತಟ್ಟೆಗೇ ಹಾಕಬೇಕು ಎಂದುಕೊಂಡೆ. ಮೊದಲು ರಿಪೇರಿ ಆಗಲಿ ಎಂದು, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಸೀಳಿನ ಮೇಲೆ ಬಿಗಿಯಾಗಿ ಸುತ್ತಿ ನೂಲಿನಲ್ಲಿ ಕಟ್ಟಿದೆ. ಇಂಜಿನ್ನು ಗುಟುರು ಹಾಕದೆ ನಿಂತಲ್ಲೇ ನಿಂತು ಓಡಿತು. ಸದ್ದು ಕೇಳಿ ಅಪ್ಪ ಜಗುಲಿಯಿಂದ ಇಳಿದು ಬಂದರು. ಅವರ ಹಿಂದೆ ಮಂಡಿಯ ಗೆಳೆಯರು ಇಬ್ಬರು.

"ಏನ್ಲಾ ಮಾದೇವ, ಸರಿ ಓಯ್ತಾ?"

"ಹೂಂ."

"ಏನಾಗಿತ್ಲಾ?"

ಇಗೋ, ಇಲ್ಲಿ. ನನ್ನ ಬಲಗೈಯಲ್ಲಿ ನಿಂಬೆಹಣ್ಣು ಇತ್ತು, ತಂತಿ ಸಮೇತ. ಅಪ್ಪನ ಕಣ್ಣು ಅದರ ಮೇಲೆ ಬಿತ್ತು. ಗೆಳೆಯರು ಕಾಣದ ಹಾಗೆ ಅವರು ಅದಕ್ಕೆ ಅಡ್ಡ ನಿಂತರು. ನಾನು ಆ ಜುಬ್ಬದ ಬೆನ್ನನ್ನು ನೋಡಿದೆ, ಗೆಳೆಯರನ್ನು ನೋಡಿದೆ, "ಒಂದು ಸಣ್ಣ ಕೊಳವೆ ಹೋಗಿತ್ತು" ಎಂದೆ. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. ಹುಟ್ಟಿದಾಗಿನಿಂದ ಇಟ್ಟವರಲ್ಲ. "ನೋಡಿ ಸ್ವಾಮಿ, ಮೈಸೂರ್ನಿಂದ ಮೆಕ್ಯಾನಿಕ್ ಕರ್ಸನ ಅಂತಿದ್ದೆ. ಬೇಡ್ವೇ ಬೇಡ. ನನ್ ಮಗ್ನೇ ಮಾಡ್ಬುಟ್ಟ." ಗೆಳೆಯರು ತಲೆಯಾಡಿಸಿದರು. ನಾನು ಬೀಗಿದೆ. ಹೌದು, ಬೀಗಿದೆ. ಅವರೆಲ್ಲ ಒಳಗೆ ಹೋದ ಮೇಲೆ ನಿಂಬೆಹಣ್ಣನ್ನು ಚರಂಡಿಗೂ ಎಸೆಯಲಿಲ್ಲ. ರಬ್ಬರಿಗೆ ತಾಕದಂತೆ ಬೇರೊಂದು ಬೋಲ್ಟಿಗೆ ನಾಜೂಕಾಗಿ ಕಟ್ಟಿ ಬಾನೆಟ್ಟು ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಅತ್ತೆ ಅದೇ ಟ್ರಂಕು ಹಿಡಿದು ಕಾರು ಹತ್ತಿದಳು. ಆ ಕಾರನ್ನು ಅವಳು ಹತ್ತಿದ್ದು ಅದೇ ಮೊದಲು. ತೆರಕಣಾಂಬಿ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಒಂದು ಹುಲ್ಲಿನ ಗಾಡಿ ಅಚ್ಚು ಮುರಿದು ಕೂತಿತ್ತು. ಹುಲ್ಲು ಇಳಿಸಿ ಗಾಡಿ ಎಳೆಯುವ ತನಕ ಕಾಯಬೇಕು. ನಾನು ಇಂಜಿನ್ನು ನಿಲ್ಲಿಸಲಿಲ್ಲ. ನನ್ನ ರಿಪೇರಿಯ ಮೇಲೆ ನನಗೆ ಅಷ್ಟು ಮೋಹ. ಕಾಲು ಗಂಟೆ ಅದು ಒಂದೇ ಸಮನೆ ಓಡಿತು. ಅತ್ತೆ ತಲೆ ಓರೆ ಮಾಡಿ ಕೇಳುತ್ತಿದ್ದಳು. ಅವಳ ಮುಖ ನಿಧಾನವಾಗಿ ಅರಳಿತು.

"ಮಾದೇವು, ನೋಡ್ಲಾ. ನಾನು ಒಳಗೇ ಕುಂತಿವ್ನಿ. ನಿಂತಿಲ್ವಲ್ಲ."

"ಇಲ್ಲತ್ತೆ."

"ಅಂಗಾರ ನನ್ನಿಂದ ಅಲ್ಲ ಅಂತಾಯ್ತಲ್ವ?"

ನಾನು ಸ್ಟೀರಿಂಗು ಹಿಡಿದು ಮುಂದೆ ನೋಡುತ್ತಿದ್ದೆ.

"ನಿಮ್ಮಪ್ಪಂಗ ಯೋಳು ಮಗಾ. ದೇವೀರಿ ಚಂದಕವಾಡಿ ಗಂಟ ಕುಂತಿದ್ಲು, ಒಂದ್ ಕಿತನೂ ನಿಂತಿಲ್ಲ ಅಂತ. ಯೋಳ್ತೀಯ ತಾನೆ? ಯೋಳುದ್ರ ಅವ್ನು ಕರ್ಕಬತ್ತಾನ."

"ಹೇಳ್ತೀನಿ" ಎಂದೆ.

ಚಾಮರಾಜನಗರ ದಾಟಿ ಚಂದಕವಾಡಿ ತಲುಪಿದೆವು. ಗಂಡ ಮನೆಯಲ್ಲಿರಲಿಲ್ಲ. ಎರಡನೆಯ ಹೆಂಡತಿ ಬಾಗಿಲಲ್ಲಿ ನಿಂತು, ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಗದ್ದದಲ್ಲೇ ತೋರಿಸಿದಳು. ಅತ್ತೆ ಟ್ರಂಕು ಅಲ್ಲಿಟ್ಟು, ಎಳೆದುಕಟ್ಟಿದ್ದ ಕರುವೊಂದನ್ನು ನೋಡಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಮೂವತ್ತು ವರ್ಷದ ಚಾಳಿ ಅಲ್ಲಿಗೆ ನಿಂತಿತು. ನಾನು ಕಾರು ತಿರುಗಿಸಿದೆ.

ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿದ್ದರು. "ಎಲ್ಲಾದ್ರೂ ನಿಂತ್ಕತಾ?" ಎಂದು ಕೇಳಿದರು. "ಇಲ್ಲ" ಎಂದೆ. ಅಪ್ಪ ಒಂದು ನಿಟ್ಟುಸಿರು ಬಿಟ್ಟು ಹೇಳಿದರು: "ನೋಡ್ದಾ, ಅವ್ಳ್ನ ಕಳ್ಸಕ್ಕ ಗಂಟು ಕಟ್ಟಿದ್ ದಿನದಿಂದ ಸರಿಯೋಯ್ತು. ನಾನೇನ್ ನಂಬೋನಲ್ಲ, ಆದ್ರೂ." ನಾನು ಕೈಕಾಲು ತೊಳೆದು ಊಟಕ್ಕೆ ಕೂತೆ. ಅತ್ತೆ ಹೇಳಿಕಳಿಸಿದ್ದ ಒಂದು ಮಾತನ್ನೂ ಹೇಳಲಿಲ್ಲ. ಆಮೇಲೆ ಅಪ್ಪ ಎಷ್ಟೋ ವರ್ಷ ಬದುಕಿದ್ದರು, ಬೆಕ್ಕಿನ ಭಾಷಣ ಎಷ್ಟೋ ಕಡೆ ಮಾಡಿದರು. ನಾನು ಚಪ್ಪಾಳೆ ನಿಲ್ಲಿಸಿದೆ. ನನ್ನ ಶೌರ್ಯ ಅಷ್ಟೇ.

ಎರಡು ವರ್ಷ ಕಳೆದು ಶಾಲೆಯ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋಗಿದ್ದವನು, ಬಸ್ಸು ಹಿಡಿದು ಚಂದಕವಾಡಿಗೆ ಹೋದೆ. ಅತ್ತೆ ಅದೇ ಕೊಟ್ಟಿಗೆಯ ಕೋಣೆಯ ಮುಂದೆ ಹುರುಳಿ ಆರಿಸುತ್ತ ಕೂತಿದ್ದಳು. ಬಹಳ ಸೊರಗಿದ್ದಳು. ನೀರು ಕೊಟ್ಟಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ: ಕೊಳವೆ, ತಂತಿ, ಸೀಳು, ಸುಯ್ಯ್ ಎಂಬ ಸದ್ದು. ನೀನು ಹೇಳಿದ್ದೇ ಸರಿ ಅತ್ತೆ, ಎಂದೆ. ಅವಳು ಹುರುಳಿಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿ ಕೇಳಿದಳು.

"ನಿಂಗ ಯಾವಾಗ ಗೊತ್ತಾತು ಮಗಾ?"

ಇದೊಂದು ಸುಳ್ಳನ್ನು ಹೇಳಬಹುದಿತ್ತು. ಹೇಳಲಿಲ್ಲ.

"ನೀನು ಇಲ್ಲಿಗೆ ಬರೋ ಹಿಂದಿನ ದಿನ."

ಅತ್ತೆ ಮೊರವನ್ನು ಒಂದು ಸಲ ಅಲುಗಿಸಿದಳು. ಕಲ್ಲೊಂದು ಸಿಕ್ಕಿತು, ಎತ್ತಿ ಅಂಗಳಕ್ಕೆ ಎಸೆದಳು. ಆಮೇಲೆ ತಲೆಯೆತ್ತಿ ನನ್ನನ್ನು, ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು, ಕೈಯ ಗಡಿಯಾರವನ್ನು ನೋಡಿದಳು. ನಾಲ್ಕು ವರ್ಷದ ನನಗೆ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು:

"ಎಷ್ಟು ಜಾಣ ಕಣ್ಲಾ ನೀನು. ಯಾರ್ಗೂ ಗೊತ್ತಾಗ್ದೆ ಇದ್ದುದ್ದ ಕಂಡಿಡ್ದ್ಬುಟ್ಟಿದ್ಯಲ್ಲ."

ಅವಳು ಅದನ್ನು ಕುಟುಕಲು ಹೇಳಿದಳೋ, ಅಭ್ಯಾಸಬಲದಿಂದ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಉಗುಳಲಂತೂ ಇಲ್ಲ. ದೇವೀರತ್ತೆ ಹೊಗಳಿದರೆ ತಾಕುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ನಾನು ನಂಬುವವನಲ್ಲ. ಆದರೆ ಅವತ್ತು ಅದು ನನಗೆ ತಾಕಿತು, ಇನ್ನೂ ಇಳಿದಿಲ್ಲ.